ಚಾಪೆಯ ಕೆಳಗೆ, ರಂಗೋಲಿಯ ಕೆಳಗೆ

ಕನ್ನಡದಲ್ಲಿ ‘ಕೃತಿಚೌರ್ಯ’ ಎಂಬ ಮಾತಿದೆ. ಮತ್ತೊಬ್ಬರು ಬರೆದುದನ್ನು ತನ್ನದೆಂದು ಹೇಳಿಕೊಳ್ಳುವವನ ಅಪರಾಧವದು. ಆದರೆ ಬರೆದವನ ಹೆಸರನ್ನು ಹಾಗೆಯೇ ಉಳಿಸಿ, ಒಂದಕ್ಷರವನ್ನೂ ಬದಲಿಸದೆ, ಆತನ ಅಪ್ಪಣೆಯಿಲ್ಲದೆ ಪ್ರತಿ ತೆಗೆದು ಊರಿಗೆಲ್ಲ ಹಂಚುವವನ ಕೆಲಸಕ್ಕೆ ನಮ್ಮ ನುಡಿಯಲ್ಲಿ ನೆಲೆಗೊಂಡ ಹೆಸರಿಲ್ಲ. ಕಾನೂನಿನ ಭಾಷಾಂತರಕಾರರು ‘ಹಕ್ಕುಸ್ವಾಮ್ಯ ಉಲ್ಲಂಘನೆ’ ಎನ್ನುತ್ತಾರೆ. ಪತ್ರಿಕೆಗಳು ‘ಪೈರಸಿ’ ಎಂದು ಬರೆದು ಮುಂದೆ ಸಾಗುತ್ತವೆ. ಇಂಗ್ಲಿಷಿನವರು ಈ ಪದವನ್ನು ಹದಿನೇಳನೆಯ ಶತಮಾನದಲ್ಲಿಯೇ ಕಡಲುಗಳ್ಳರಿಂದ ಎರವಲು ತಂದು, ಒಬ್ಬರ ಹಕ್ಕಿನ ಪುಸ್ತಕವನ್ನು ಅಚ್ಚು ಹಾಕಿದ ಮತ್ತೊಬ್ಬ ಮುದ್ರಕನನ್ನು ಬೈಯಲು ಬಳಸಿದರು. ಬೈಗುಳ ಕಾಲಕ್ರಮೇಣ ಪಾರಿಭಾಷಿಕ ಪದವಾಯಿತು.

ಗೊಂದಲವಿರುವುದು ಪದದಲ್ಲಷ್ಟೇ ಎಂದು ತಿಳಿಯಬೇಕಾಗಿಲ್ಲ. ಕದ್ದ ಹಸು ಒಡೆಯನ ಕೊಟ್ಟಿಗೆಯಲ್ಲಿ ಉಳಿಯುವುದಿಲ್ಲ; ನಕಲಾದ ಹಾಡು ಒಡೆಯನ ಬಳಿಯೂ ಇರುತ್ತದೆ, ನಕಲು ಮಾಡಿದವನ ಬಳಿಯೂ ಇರುತ್ತದೆ. ಒಡೆಯನಿಗೆ ನಷ್ಟವಾಗುವುದು ಮುಂದೆ ಆಗಬಹುದಾಗಿದ್ದ ಒಂದು ಮಾರಾಟ. 1985ರಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯ ಡೌಲಿಂಗ್ ಪ್ರಕರಣದಲ್ಲಿ ಈ ವ್ಯತ್ಯಾಸವನ್ನು ಎತ್ತಿ ಹಿಡಿಯಿತು. ಎಲ್ವಿಸ್ ಪ್ರೀಸ್ಲಿಯ ಹಾಡುಗಳ ಅನಧಿಕೃತ ಧ್ವನಿಮುದ್ರಿಕೆಗಳನ್ನು ಒಂದು ರಾಜ್ಯದಿಂದ ಇನ್ನೊಂದಕ್ಕೆ ಸಾಗಿಸಿದವನು ಹಕ್ಕುಸ್ವಾಮ್ಯದ ಕಾನೂನಿನ ಪ್ರಕಾರ ತಪ್ಪಿತಸ್ಥನಾಗಬಹುದು, ಆದರೆ ಅವನನ್ನು ಕದ್ದ ಮಾಲು ಸಾಗಿಸಿದವನೆಂದು ಶಿಕ್ಷಿಸಲಾಗದು ಎಂದಿತು. ಹದಿನಾಲ್ಕು ವರ್ಷಗಳ ತರುವಾಯ ಬಾಸ್ಟನ್ನಿನ ವಿದ್ಯಾರ್ಥಿಯೊಬ್ಬ ಬರೆದ ತಂತ್ರಾಂಶದಿಂದ ಈ ಸೂಕ್ಷ್ಮ ಪ್ರಶ್ನೆ ಕೋಟ್ಯಂತರ ಮನೆಗಳನ್ನು ಹೊಕ್ಕಿತು. ಅಲ್ಲಿಂದೀಚೆಗಿನ ಕಥೆಯನ್ನು ನಾವಿಲ್ಲಿ ಹೇಳಹೊರಟಿರುವುದು ಅದು ಕಂಪ್ಯೂಟರಿನ ಚರಿತ್ರೆ ಎಂಬ ಕಾರಣಕ್ಕಲ್ಲ. ನಾಡಿನ ಹೊರಗೆ ಬದುಕುವ ಕನ್ನಡಿಗರಿಗೆ ಹಾಡು, ಚಿತ್ರ, ಪುಸ್ತಕಗಳು ಯಾವ ದಾರಿಯಲ್ಲಿ ಬಂದು ತಲುಪಿದವು ಎಂಬುದೂ ಇದೇ ಕಥೆಯ ಒಂದು ಕವಲು.

ಹಾಡು ತಂತಿಯಲ್ಲಿ ಹರಿಯಬೇಕಾದರೆ ಮೊದಲು ಅದು ತೆಳ್ಳಗಾಗಬೇಕಿತ್ತು. ಸಿ.ಡಿ.ಯಲ್ಲಿ ಧ್ವನಿಯನ್ನು ಸೆಕೆಂಡಿಗೆ 44,100 ಬಾರಿ ಅಳೆದು ಅಂಕಿಗಳಾಗಿ ಬರೆದಿಡುತ್ತಾರೆ. ಆ ಲೆಕ್ಕದಲ್ಲಿ ನಾಲ್ಕು ನಿಮಿಷದ ಹಾಡೊಂದು ಸುಮಾರು 40 ಮೆಗಾಬೈಟ್ ತೂಗುತ್ತದೆ. ಆ ಕಾಲದ ದೂರವಾಣಿ ಮೋಡೆಮ್‌ನಲ್ಲಿ ಅದನ್ನು ಇಳಿಸಿಕೊಳ್ಳಲು ಎರಡು ಗಂಟೆ ಬೇಕು. ಜರ್ಮನಿಯ ಫ್ರಾನ್‌ಹೋಫರ್ ಸಂಸ್ಥೆಯ ಕಾರ್ಲ್‌ಹೈನ್ಸ್ ಬ್ರಾಂಡೆನ್‌ಬರ್ಗ್ ಮತ್ತು ಸಂಗಡಿಗರು ಮನುಷ್ಯನ ಕಿವಿಯ ಒಂದು ದೌರ್ಬಲ್ಯವನ್ನು ಬಳಸಿಕೊಂಡರು. ತಮಟೆಯ ಏಟಿನ ಜೊತೆಗೇ ಬರುವ ಪಿಸುಮಾತು ನಮಗೆ ಕೇಳಿಸುವುದಿಲ್ಲ. ಕೇಳಿಸದ್ದನ್ನು ಬರೆದಿಡುವುದೇಕೆ? ಹೀಗೆ ಕೇಳಿಸದ ಭಾಗಗಳನ್ನೆಲ್ಲ ಕಳಚಿಹಾಕಿದಾಗ ಹಾಡು ಹನ್ನೊಂದರಲ್ಲಿ ಒಂದು ಪಾಲಿಗೆ ಇಳಿಯಿತು. ಎರಡು ಗಂಟೆಯ ಕೆಲಸ ಹತ್ತು ಹನ್ನೆರಡು ನಿಮಿಷಕ್ಕೆ ಬಂತು. ಅದೇ ಎಂಪಿ3. ಪರೀಕ್ಷೆಗೆ ಅವರು ಬಳಸಿದ ಹಾಡುಗಳಲ್ಲೊಂದು ಸೂಸಾನ್ ವೇಗಾ ವಾದ್ಯಗಳಿಲ್ಲದೆ ಹಾಡಿದ ‘ಟಾಮ್ಸ್ ಡೈನರ್’. ಪಕ್ಕವಾದ್ಯವಿಲ್ಲದ ಒಂಟಿ ಕೊರಳಿನಲ್ಲಿ ಕತ್ತರಿಯ ಗುರುತು ಬೇಗ ಗೋಚರಿಸುತ್ತದೆ ಎಂಬುದೇ ಅದಕ್ಕೆ ಕಾರಣ.

1999ರ ಜೂನ್ ತಿಂಗಳಲ್ಲಿ ಷಾನ್ ಫ್ಯಾನಿಂಗ್ ಎಂಬ ಹುಡುಗ ‘ನ್ಯಾಪ್‌ಸ್ಟರ್’ ಅನ್ನು ಹೊರತಂದ. ಬಾಸ್ಟನ್ನಿನ ನಾರ್ತ್‌ಈಸ್ಟರ್ನ್ ವಿಶ್ವವಿದ್ಯಾನಿಲಯದ ಓದನ್ನು ಅರ್ಧಕ್ಕೆ ಬಿಟ್ಟ ಆತನಿಗೆ ಇಪ್ಪತ್ತು ವರ್ಷವೂ ತುಂಬಿರಲಿಲ್ಲ. ನ್ಯಾಪ್‌ಸ್ಟರಿನ ಉಗ್ರಾಣದಲ್ಲಿ ಒಂದೇ ಒಂದು ಹಾಡೂ ಇರಲಿಲ್ಲ ಎಂಬುದನ್ನು ಗಮನಿಸಬೇಕು. ಹಾಡುಗಳಿದ್ದುದು ಬಳಕೆದಾರರ ಕಂಪ್ಯೂಟರುಗಳಲ್ಲಿ. ಯಾರ ಬಳಿ ಯಾವ ಹಾಡಿದೆ ಎಂಬ ಸೂಚಿಯನ್ನಷ್ಟೇ ಕಂಪನಿ ತನ್ನ ಸರ್ವರಿನಲ್ಲಿ ಇಟ್ಟುಕೊಂಡಿತ್ತು. ಕೇಳಿದವನಿಗೆ ವಿಳಾಸ ಹೇಳಿ ಅದು ಪಕ್ಕಕ್ಕೆ ಸರಿಯುತ್ತಿತ್ತು. ಕೊಟ್ಟು ತರುವ ವ್ಯವಹಾರ ಸರೀಕರಿಬ್ಬರ ನಡುವಿನದು. ಮದುವೆಯ ದಲ್ಲಾಳಿ ಹುಡುಗಿಯ ಮನೆ ತೋರಿಸಿ ಬಾಗಿಲಲ್ಲೇ ನಿಂತಂತೆ. ಎರಡು ವರ್ಷದೊಳಗೆ ಬಳಕೆದಾರರ ಸಂಖ್ಯೆ ಕೋಟಿಗಳನ್ನು ದಾಟಿತು.

ಡಿಸೆಂಬರಿನಲ್ಲಿಯೇ ಧ್ವನಿಮುದ್ರಣ ಕಂಪನಿಗಳು ಮೊಕದ್ದಮೆ ಹೂಡಿದವು. ಮರುವರ್ಷ ಏಪ್ರಿಲಿನಲ್ಲಿ ಮೆಟಾಲಿಕಾ ಎಂಬ ರಾಕ್ ತಂಡವೂ ಸೇರಿಕೊಂಡಿತು. ಇನ್ನೂ ಬಿಡುಗಡೆಯಾಗದ ಅವರ ಹಾಡೊಂದು ಜಾಲದಲ್ಲಿ ಸುತ್ತಾಡುತ್ತಿತ್ತು. ತಂಡದ ಡ್ರಮ್ ವಾದಕ ಲಾರ್ಸ್ ಉಲ್ರಿಚ್ ತಮ್ಮ ಹಾಡುಗಳನ್ನು ಹಂಚುತ್ತಿದ್ದ ಮೂರು ಲಕ್ಷಕ್ಕೂ ಹೆಚ್ಚು ಬಳಕೆದಾರರ ಹೆಸರುಗಳನ್ನು ಕಾಗದದ ಪೆಟ್ಟಿಗೆಗಳಲ್ಲಿ ತುಂಬಿಸಿ ನ್ಯಾಪ್‌ಸ್ಟರಿನ ಕಚೇರಿಗೆ ಒಯ್ದ. ಕಲಾವಿದನೊಬ್ಬ ತನ್ನ ಕೇಳುಗರ ಹೆಸರುಗಳನ್ನು ಆರೋಪಪಟ್ಟಿಯಾಗಿ ಹೊತ್ತು ತಂದ ಆ ದೃಶ್ಯ ಅಂದು ಎಷ್ಟೋ ಜನರ ನಗೆಗೆ ಗುರಿಯಾಯಿತು. ಈಗ ಹಿಂತಿರುಗಿ ನೋಡಿದರೆ ಉಲ್ರಿಚ್ ಕೇಳಿದ್ದು ಸರಳವಾದ ಪ್ರಶ್ನೆ: ನನ್ನ ಹಾಡು ಎಂದು, ಹೇಗೆ ಹೊರಗೆ ಬರಬೇಕೆಂದು ತೀರ್ಮಾನಿಸುವವರು ಯಾರು? ಅದಕ್ಕೆ ನಕ್ಕವರ ಬಳಿ ಉತ್ತರವಿರಲಿಲ್ಲ.

ನ್ಯಾಪ್‌ಸ್ಟರಿನ ವಕೀಲರು ಆತುಕೊಂಡದ್ದು 1984ರ ಒಂದು ತೀರ್ಪನ್ನು. ಸೋನಿ ಕಂಪನಿಯ ಬೀಟಾಮ್ಯಾಕ್ಸ್ ವಿಡಿಯೊ ಯಂತ್ರದ ಮೇಲೆ ಹಾಲಿವುಡ್ ಆಗ ಸಮರ ಸಾರಿತ್ತು. ಚಿತ್ರೋದ್ಯಮದ ಪ್ರತಿನಿಧಿ ಜ್ಯಾಕ್ ವ್ಯಾಲೆಂಟಿ ಆ ಯಂತ್ರವನ್ನು ಒಂಟಿ ಹೆಂಗಸರ ಕತ್ತು ಹಿಸುಕುತ್ತಿದ್ದ ಬಾಸ್ಟನ್ನಿನ ಕೊಲೆಗಡುಕನಿಗೆ ಹೋಲಿಸಿ ಅಮೆರಿಕದ ಸಂಸತ್ ಸಮಿತಿಯೊಂದರ ಮುಂದೆ ಸಾಕ್ಷ್ಯ ನುಡಿದಿದ್ದ. ಸರ್ವೋಚ್ಚ ನ್ಯಾಯಾಲಯ ಐದಕ್ಕೆ ನಾಲ್ಕರ ಬಹುಮತದಿಂದ ಯಂತ್ರದ ಪರ ನಿಂತಿತು. ಸಾಚಾ ಉಪಯೋಗವೂ ಸಾಕಷ್ಟಿರುವ ವಸ್ತುವನ್ನು ತಯಾರಿಸಿದವನು, ಕೊಂಡವನ ತಪ್ಪಿಗೆ ಹೊಣೆಯಾಗನು ಎಂಬುದು ಅದರ ಸಾರ. ಆನಂತರ ವಿಡಿಯೊ ಕ್ಯಾಸೆಟ್ಟುಗಳೇ ಹಾಲಿವುಡ್ಡಿನ ಆದಾಯದ ದೊಡ್ಡ ಮೂಲವಾದವು ಎಂಬುದು ಬೇರೆ ಮಾತು. ಆದರೆ ನ್ಯಾಪ್‌ಸ್ಟರಿಗೆ ಈ ಕೊಡೆ ಸಾಲಲಿಲ್ಲ. 2001ರ ಫೆಬ್ರವರಿ 12ರಂದು ಮೇಲ್ಮನವಿ ನ್ಯಾಯಾಲಯ ಹೇಳಿದ್ದಿಷ್ಟು: ಸೋನಿ ಯಂತ್ರ ಮಾರಿ ಕೈತೊಳೆದುಕೊಂಡಿತ್ತು, ನಿಮ್ಮ ಕೈಯಲ್ಲಿ ಸೂಚಿ ಇದೆ, ಏನು ನಡೆಯುತ್ತಿದೆಯೆಂದು ನೀವು ಬಲ್ಲಿರಿ, ತಡೆಯಲೂ ಬಲ್ಲಿರಿ. ಆ ವರ್ಷದ ಜುಲೈ ತಿಂಗಳಲ್ಲಿ ನ್ಯಾಪ್‌ಸ್ಟರ್ ನಿಂತಿತು.

ನೀನು ಚಾಪೆಯ ಕೆಳಗೆ ತೂರಿದರೆ ನಾನು ರಂಗೋಲಿಯ ಕೆಳಗೆ ತೂರುತ್ತೇನೆ ಎಂಬ ಗಾದೆ ನಮ್ಮಲ್ಲಿದೆ. ಮುಂದಿನ ಹತ್ತು ವರ್ಷ ನಡೆದದ್ದು ಅದೇ. ನ್ಯಾಯಾಲಯದ ತೀರ್ಪುಗಳನ್ನು ವಕೀಲರಷ್ಟೇ ಶ್ರದ್ಧೆಯಿಂದ ಪ್ರೋಗ್ರಾಮರುಗಳೂ ಓದಿದರು. ಸೂಚಿ ಇದ್ದುದೇ ತಪ್ಪಾದರೆ ಸೂಚಿಯೇ ಬೇಡ. ಈ ಯೋಚನೆ ತೀರ್ಪಿಗೂ ಮೊದಲೇ ಹುಟ್ಟಿತ್ತು. 2000ದ ಮಾರ್ಚ್ ತಿಂಗಳಲ್ಲಿ ನಲ್‌ಸಾಫ್ಟ್ ಕಂಪನಿಯ ಇಬ್ಬರು ‘ನ್ಯೂಟೆಲ್ಲಾ’ ಎಂಬ ತಂತ್ರಾಂಶವನ್ನು ಹೊರಬಿಟ್ಟರು, ಮಾತೃಸಂಸ್ಥೆಯಾದ ಎ.ಓ.ಎಲ್. ಮರುದಿನವೇ ಅದನ್ನು ತೆಗೆಸಿಹಾಕಿತು. ಅಷ್ಟರಲ್ಲಿ ಅದು ಸಾವಿರಾರು ಜನರ ಕೈ ಸೇರಿಯಾಗಿತ್ತು. ಅದರಲ್ಲಿ ಕೇಂದ್ರವೇ ಇರಲಿಲ್ಲ. ಹಾಡು ಬೇಕಾದವನು ನೆರೆಯವನನ್ನು ಕೇಳುತ್ತಾನೆ, ಅವನು ತನ್ನ ನೆರೆಯವರನ್ನು, ಅವರು ಅವರ ನೆರೆಯವರನ್ನು. ಸುದ್ದಿ ಹಳ್ಳಿಯಲ್ಲಿ ಹಬ್ಬುವಂತೆ. ಸುದ್ದಿ ಹಬ್ಬುವಾಗ ಆಗುವ ಗದ್ದಲವೂ ಅಷ್ಟೇ ಇತ್ತು. ಒಂದು ಪ್ರಶ್ನೆ ಸಾವಿರ ಪ್ರಶ್ನೆಯಾಗಿ ಜಾಲವೇ ಉಸಿರುಗಟ್ಟುತ್ತಿತ್ತು.

ಆ ಗದ್ದಲವನ್ನು ತಗ್ಗಿಸಿದ್ದು ‘ಕಜಾ’. ವೇಗದ ಸಂಪರ್ಕವಿರುವ ಬಳಕೆದಾರರ ಕಂಪ್ಯೂಟರುಗಳನ್ನೇ ಅವರಿಗೆ ತಿಳಿಯದಂತೆ ಚಿಕ್ಕ ಚಿಕ್ಕ ಸೂಚಿಗಳನ್ನಾಗಿ ಮಾಡಿಕೊಳ್ಳುವ ಜಾಣತನ ಅದರದು. ಅದರ ಸ್ಥಾಪಕರು ಸ್ವೀಡನ್ನಿನ ನಿಕ್ಲಾಸ್ ಸೆನ್‌ಸ್ಟ್ರೋಮ್ ಮತ್ತು ಡೆನ್ಮಾರ್ಕಿನ ಯಾನುಸ್ ಫ್ರೀಸ್. ತಂತ್ರಾಂಶ ಬರೆದವರು ಎಸ್ತೋನಿಯದವರು. 2002ರಲ್ಲಿ ಅದನ್ನು ಕೊಂಡ ಕಂಪನಿಯ ನೋಂದಣಿ ಪೆಸಿಫಿಕ್ ಸಾಗರದ ವನುವಾಟು ದ್ವೀಪದಲ್ಲಿ, ಕಚೇರಿ ಆಸ್ಟ್ರೇಲಿಯದಲ್ಲಿ. ಸಮನ್ಸ್ ಜಾರಿ ಮಾಡುವ ಅಮೀನ ಯಾವ ಊರಿನ ಬಸ್ಸು ಹತ್ತಬೇಕು? (ಇದೇ ತಂಡ, ಇದೇ ಸರೀಕರ ಜಾಲದ ತಂತ್ರವನ್ನು ಬಳಸಿ 2003ರಲ್ಲಿ ‘ಸ್ಕೈಪ್’ ಅನ್ನು ಕಟ್ಟಿತು. ಸಮುದ್ರದಾಚೆಯ ಮಕ್ಕಳ ಮುಖ ನೋಡಲು ಅದನ್ನು ಬಳಸಿದ ತಂದೆತಾಯಂದಿರಿಗೆ ಅದರ ಕುಲಮೂಲ ತಿಳಿದಿರಲಾರದು.)

ಕೆಳಗಿನ ಎರಡು ನ್ಯಾಯಾಲಯಗಳು ಇಂತಹ ತಂತ್ರಾಂಶ ಹಂಚಿದ ಗ್ರೋಕ್‌ಸ್ಟರ್ ಮತ್ತು ಸ್ಟ್ರೀಮ್‌ಕಾಸ್ಟ್ ಕಂಪನಿಗಳ ಪರವಾಗಿಯೇ ತೀರ್ಪಿತ್ತವು. ಸೂಚಿಯಿಲ್ಲ, ಹಿಡಿತವಿಲ್ಲ, ಆದುದರಿಂದ ಹೊಣೆಯಿಲ್ಲ. 2005ರ ಜೂನ್ 27ರಂದು ಸರ್ವೋಚ್ಚ ನ್ಯಾಯಾಲಯ ಅದನ್ನು ಸರ್ವಾನುಮತದಿಂದ ತಿರುಗಿಸಿಹಾಕಿತು. ನ್ಯಾಯಮೂರ್ತಿ ಸೌಟರ್ ಯಂತ್ರವನ್ನು ಬಿಟ್ಟು ಯಂತ್ರ ಕೊಟ್ಟವನ ಮನಸ್ಸನ್ನು ನೋಡಿದರು. ನ್ಯಾಪ್‌ಸ್ಟರ್ ಮುಚ್ಚಿದಾಗ ಅನಾಥರಾದವರನ್ನು ಸೆಳೆಯಲು ಈ ಕಂಪನಿಗಳು ಹೂಡಿದ ಉಪಾಯಗಳು, ಕದ್ದ ಹಾಡುಗಳನ್ನು ಸೋಸುವ ಪ್ರಯತ್ನವನ್ನೇ ಮಾಡದಿದ್ದುದು, ಬಳಕೆ ಹೆಚ್ಚಿದಷ್ಟೂ ಜಾಹೀರಾತಿನ ಹಣ ಹೆಚ್ಚುವ ಲೆಕ್ಕಾಚಾರ, ಇವೆಲ್ಲವೂ ಕುಮ್ಮಕ್ಕಿನ ಸಾಕ್ಷ್ಯವಾದವು. ಕೃತಿಯಲ್ಲಿ ಕರ್ತೃವಿನ ಉದ್ದೇಶವನ್ನು ಹುಡುಕುವುದು ತಪ್ಪೆಂದು ವಿಮ್‌ಸಾಟ್ ಮತ್ತು ಬಿಯರ್ಡ್ಸ್‌ಲಿ ಅವರನ್ನು ಓದಿ ಪರೀಕ್ಷೆ ಬರೆದ ನಮ್ಮಂಥವರಿಗೆ, ಉದ್ದೇಶವನ್ನೇ ಆಧಾರವಾಗಿಸಿಕೊಂಡ ಈ ತೀರ್ಪು ವಿಚಿತ್ರವಾಗಿ ಕಂಡರೆ ತಪ್ಪಲ್ಲ. ಆದರೂ ಇಷ್ಟೂ ವರ್ಷಗಳ ತೀರ್ಪುಗಳಲ್ಲಿ ಹೆಚ್ಚು ವಿವೇಕದ್ದು ಇದೇ ಎಂದು ನಮಗನ್ನಿಸುತ್ತದೆ. ಚಾಕುವನ್ನು ನಿಷೇಧಿಸದೆ, ಇರಿಯಿರೆಂದು ಚಾಕು ಹಂಚಿದವನನ್ನು ಅದು ಹಿಡಿಯಿತು.

ವಿವೇಕವೇ ಇಲ್ಲದ ಅಧ್ಯಾಯವೂ ಇದೇ ಕಾಲದ್ದು. 2003ರ ಸೆಪ್ಟೆಂಬರಿನಲ್ಲಿ ಅಮೆರಿಕದ ಧ್ವನಿಮುದ್ರಣ ಕಂಪನಿಗಳು 261 ಸಾಮಾನ್ಯ ಬಳಕೆದಾರರ ಮೇಲೆ ಏಕಕಾಲಕ್ಕೆ ದಾವೆ ಹೂಡಿದವು. ಅವರಲ್ಲೊಬ್ಬಳು ನ್ಯೂಯಾರ್ಕಿನ ಹನ್ನೆರಡು ವರ್ಷದ ಬಾಲಕಿ; ತಾಯಿ 2,000 ಡಾಲರ್ ಕಟ್ಟಿ ಬಿಡಿಸಿಕೊಂಡಳು. ಮಿನ್ನೆಸೋಟದ ಮಹಿಳೆಯೊಬ್ಬಳ ಮೇಲೆ 24 ಹಾಡುಗಳಿಗಾಗಿ ಜ್ಯೂರಿ ಮೊದಲು 2,22,000 ಡಾಲರ್ ಹೇರಿತು, ಎರಡನೆಯ ವಿಚಾರಣೆಯಲ್ಲಿ 19 ಲಕ್ಷ 20 ಸಾವಿರ, ಮೂರನೆಯದರಲ್ಲಿ 15 ಲಕ್ಷ. ಕೊನೆಗೆ ಮತ್ತೆ ಮೊದಲಿನ ಮೊತ್ತಕ್ಕೇ ಬಂದು ನಿಂತಿತು. ಅಂಗಡಿಯಲ್ಲಿ ಆ ಹಾಡುಗಳ ಬೆಲೆ ತಲಾ ಒಂದು ಡಾಲರಿನ ಆಸುಪಾಸು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. 2008ರ ಕೊನೆಯಲ್ಲಿ ಕಂಪನಿಗಳು ಸಾಮೂಹಿಕ ದಾವೆಗಳನ್ನು ನಿಲ್ಲಿಸುವುದಾಗಿ ಹೇಳುವಷ್ಟರಲ್ಲಿ ಮೂವತ್ತು ಸಾವಿರಕ್ಕೂ ಮಿಕ್ಕ ಜನ ಈ ಬಲೆಯಲ್ಲಿ ಸಿಕ್ಕಿಬಿದ್ದಿದ್ದರು. ಹಂಚಿಕೆ ಮಾತ್ರ ಕುಗ್ಗಿರಲಿಲ್ಲ.

ಕುಗ್ಗದಿರಲು ಕಾರಣ ಬ್ರ್ಯಾಮ್ ಕೋಹೆನ್ 2001ರಲ್ಲಿ ಬರೆದ ‘ಬಿಟ್‌ಟೊರೆಂಟ್’. ಹಿಂದಿನ ಜಾಲಗಳಲ್ಲಿ ಒಬ್ಬ ಕೊಡುವವನು, ಒಬ್ಬ ತೆಗೆದುಕೊಳ್ಳುವವನು; ಬೇಡಿಕೆ ಹೆಚ್ಚಿದಷ್ಟೂ ಕೊಡುವವನ ಬೆನ್ನು ಬಾಗುತ್ತಿತ್ತು. ಕೋಹೆನ್ ಕಡತವನ್ನು ಸಣ್ಣ ತುಣುಕುಗಳಾಗಿ ಒಡೆದ. ಒಂದು ತುಣುಕು ಕೈಗೆ ಬಂದೊಡನೆ ಪಡೆದವನೂ ಕೊಡುವವನಾಗುತ್ತಾನೆ. ಒಬ್ಬನ ಬಳಿ ಮೂರನೆಯ ತುಣುಕು, ಇನ್ನೊಬ್ಬನ ಬಳಿ ಹದಿನೇಳನೆಯದು, ಇಬ್ಬರೂ ಬದಲಾಯಿಸಿಕೊಳ್ಳುತ್ತಾರೆ. ಎಲ್ಲಕ್ಕಿಂತ ವಿರಳವಾದ ತುಣುಕನ್ನು ಮೊದಲು ಪಡೆಯಬೇಕೆಂಬ ನಿಯಮದಿಂದ ತುಣುಕು ಕಳೆದುಹೋಗುವ ಸಂಭವ ಕಡಿಮೆಯಾಗುತ್ತದೆ. ಪ್ರತಿಯೊಂದು ತುಣುಕಿಗೂ ಗಣಿತದ ಮುದ್ರೆಯಿರುವುದರಿಂದ ಕಲಬೆರಕೆ ಮಾಡಿದರೆ ಅಲ್ಲಿಯೇ ಸಿಕ್ಕಿಬೀಳುತ್ತದೆ. ಇನ್ನು, ಯಾರು ಹೆಚ್ಚು ಕೊಡುತ್ತಾರೋ ಅವರಿಗೆ ಹೆಚ್ಚು ಸಿಗುತ್ತದೆ. ನಮ್ಮ ಹಳ್ಳಿಗಳ ಮುಯ್ಯಾಳು ಪದ್ಧತಿಯನ್ನು ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಇಂದು ನಾನು ನಿನ್ನ ಗದ್ದೆಯಲ್ಲಿ ನಾಟಿ ಮಾಡಿದರೆ ನಾಳೆ ನೀನು ನನ್ನ ಗದ್ದೆಗೆ ಬರಬೇಕು. ಬಾರದವನ ಗದ್ದೆಗೆ ಆಳು ಸಿಗುವುದಿಲ್ಲ. ಹತ್ತು ಜನ ಬೇಡಿದರೆ ಕುಂಟುವ, ಸಾವಿರ ಜನ ಬೇಡಿದರೆ ಓಡುವ ವ್ಯವಸ್ಥೆ ಇದು. ಕೋಹೆನ್ ತನ್ನ ತಂತ್ರಾಂಶವನ್ನು ಕಳ್ಳನಕಲಿಗೆ ಎಂದು ಸಾರಲಿಲ್ಲ. ಲಿನಕ್ಸಿನಂತಹ ಮುಕ್ತ ತಂತ್ರಾಂಶಗಳ ಹಂಚಿಕೆಗೆ ಇಂದಿಗೂ ಅದು ಬಳಕೆಯಾಗುತ್ತಿದೆ. ಸೌಟರರ ಅಳತೆಗೋಲಿನಲ್ಲಿ ಆತನ ಮೇಲೆ ಹೊಣೆ ಹೊರಿಸುವುದು ಸುಲಭವಿರಲಿಲ್ಲ.

ಹಾಗಾಗಿ ಹೋರಾಟ ತುಣುಕುಗಳ ದಾರಿ ತೋರಿಸುವ ತಾಣಗಳ ಕಡೆ ತಿರುಗಿತು. ಅವುಗಳಲ್ಲಿ ಹೆಸರಾದದ್ದು ಸ್ವೀಡನ್ನಿನಲ್ಲಿ 2003ರಲ್ಲಿ ಆರಂಭವಾದ ‘ಪೈರೇಟ್ ಬೇ’. ಬೈಗುಳವನ್ನೇ ಬಿರುದಾಗಿ ಧರಿಸಿದ ಅವರು ಹಾಲಿವುಡ್ ಕಳಿಸಿದ ಕಾನೂನು ಪತ್ರಗಳನ್ನು ತಮ್ಮ ಗೇಲಿಯ ಉತ್ತರಗಳೊಡನೆ ಪ್ರಕಟಿಸುತ್ತಿದ್ದರು. 2006ರ ಮೇ 31ರಂದು ಪೊಲೀಸರು ಸ್ಟಾಕ್‌ಹೋಮಿನಲ್ಲಿ ಸರ್ವರುಗಳನ್ನು ಹೊತ್ತೊಯ್ದರು. ಮೂರು ದಿನದಲ್ಲಿ ತಾಣ ಮತ್ತೆ ಎದ್ದಿತು. 2009ರ ಏಪ್ರಿಲ್ 17ರಂದು ನ್ಯಾಯಾಲಯ ನಾಲ್ವರಿಗೆ ತಲಾ ಒಂದು ವರ್ಷದ ಸೆರೆಯನ್ನೂ ಮೂರು ಕೋಟಿ ಕ್ರೋನರುಗಳ ಪರಿಹಾರವನ್ನೂ ವಿಧಿಸಿತು. ಅದಾದ ಎರಡು ತಿಂಗಳೊಳಗೆ ನಡೆದ ಐರೋಪ್ಯ ಸಂಸತ್ತಿನ ಚುನಾವಣೆಯಲ್ಲಿ ಸ್ವೀಡನ್ನಿನ ‘ಪೈರೇಟ್ ಪಕ್ಷ’ ಶೇಕಡ ಏಳಕ್ಕೂ ಹೆಚ್ಚು ಮತ ಪಡೆದು ಸ್ಥಾನ ಗಿಟ್ಟಿಸಿತು. ಮೇಲ್ಮನವಿಯಲ್ಲಿ ಸೆರೆಯ ಅವಧಿ ಇಳಿಯಿತು, ಪರಿಹಾರದ ಮೊತ್ತ ಏರಿತು. ತಾಣ ಮಾತ್ರ ರಕ್ತಬೀಜನಂತೆ ಬಿದ್ದಲ್ಲೆಲ್ಲ ಮರುಹುಟ್ಟು ಪಡೆಯಿತು. 2012ರ ಹೊತ್ತಿಗೆ ಅದು ಟೊರೆಂಟ್ ಕಡತಗಳನ್ನೂ ಕೈಬಿಟ್ಟು, ಒಂದೇ ಸಾಲಿನ ‘ಮ್ಯಾಗ್ನೆಟ್’ ಕೊಂಡಿಗಳನ್ನು ಮಾತ್ರ ಉಳಿಸಿಕೊಂಡಿತು. ಉಗ್ರಾಣ ಹೋಯಿತು, ಸೂಚಿ ಹೋಯಿತು, ಕೊನೆಗುಳಿದದ್ದು ವಿಳಾಸದ ಚೀಟಿ.

ಇಷ್ಟರಲ್ಲಿ ಅಂಗಡಿ ಬದಲಾಗಿತ್ತು. ಆಪಲ್ ಕಂಪನಿ 2003ರ ಏಪ್ರಿಲಿನಲ್ಲಿ ಎರಡು ಲಕ್ಷ ಹಾಡುಗಳನ್ನು ತಲಾ 99 ಸೆಂಟಿಗೆ ಮಾರತೊಡಗಿತು. 2008ರಲ್ಲಿ ಪೈರೇಟ್ ಬೇಯ ತವರಾದ ಸ್ವೀಡನ್ನಿನಲ್ಲಿಯೇ ‘ಸ್ಪಾಟಿಫೈ’ ಬಂತು. ಟೊರೆಂಟ್ ಬಳಸುವವರ ಮೆಚ್ಚಿನ ತಂತ್ರಾಂಶವೊಂದನ್ನು ಬರೆದ ಲುಡ್ವಿಗ್ ಸ್ಟ್ರಿಗೆಯುಸ್ ಅದರ ಮೊದಲ ಎಂಜಿನಿಯರುಗಳಲ್ಲೊಬ್ಬ. ಅಷ್ಟೇ ಅಲ್ಲ, 2014ರವರೆಗೂ ಸ್ಪಾಟಿಫೈ ಹಾಡುಗಳನ್ನು ತಲುಪಿಸಲು ಸರೀಕರ ಜಾಲವನ್ನೇ ಬಳಸುತ್ತಿತ್ತು. ಒಬ್ಬ ಕೇಳುಗನ ಕಂಪ್ಯೂಟರಿನಿಂದ ಇನ್ನೊಬ್ಬನಿಗೆ ಹಾಡು ಹೋಗುತ್ತಿತ್ತು. ನ್ಯಾಪ್‌ಸ್ಟರಿನಲ್ಲಿ ಅಪರಾಧವಾಗಿದ್ದ ಕ್ರಿಯೆ, ಪರವಾನಗಿಯ ಮುದ್ರೆ ಬಿದ್ದೊಡನೆ ಸೇವೆಯಾಯಿತು. ಹಂಚಿಕೆಯಿಂದ ಸಂಗೀತದ ಮಾರಾಟಕ್ಕೆ ನಿಜಕ್ಕೂ ಎಷ್ಟು ಪೆಟ್ಟು ಬಿತ್ತೆಂಬುದರ ಬಗ್ಗೆ ಅರ್ಥಶಾಸ್ತ್ರಜ್ಞರಲ್ಲಿ ಒಮ್ಮತವಿಲ್ಲ. ಓಬರ್‌ಹೋಲ್ಟ್ಸರ್-ಗೀ ಮತ್ತು ಸ್ಟ್ರಂಫ್ ಪರಿಣಾಮ ಶೂನ್ಯಕ್ಕೆ ಸಮೀಪವೆಂದು 2007ರಲ್ಲಿ ಬರೆದರು. ಅದನ್ನು ಕಟುವಾಗಿ ಅಲ್ಲಗಳೆದವರೂ ಇದ್ದಾರೆ. 1999ರಲ್ಲಿ 1,460 ಕೋಟಿ ಡಾಲರ್ ಇದ್ದ ಅಮೆರಿಕದ ಧ್ವನಿಮುದ್ರಣ ಆದಾಯ ಹದಿನೈದು ವರ್ಷಗಳಲ್ಲಿ ಅರ್ಧಕ್ಕೆ ಇಳಿದದ್ದಂತೂ ನಿಜ.

ಭಾರತದ ನ್ಯಾಯಾಲಯಗಳಿಗೆ ಈ ವ್ಯಾಜ್ಯ ಬಂದದ್ದು ಬೇರೆ ಬಾಗಿಲಿನಿಂದ. ಹೆಸರು ತಿಳಿಯದ ಪ್ರತಿವಾದಿಯನ್ನು ಅಮೆರಿಕದಲ್ಲಿ ‘ಜಾನ್ ಡೋ’ ಎನ್ನುತ್ತಾರೆ. 2002ರಲ್ಲಿ ವಿಶ್ವಕಪ್ ಫುಟ್‌ಬಾಲ್ ಪಂದ್ಯಗಳನ್ನು ಕದ್ದು ಬಿತ್ತರಿಸುವ ಕೇಬಲ್‌ನವರ ವಿರುದ್ಧ ದೆಹಲಿ ಉಚ್ಚ ನ್ಯಾಯಾಲಯ ಇಂತಹ ಅನಾಮಿಕ ಆಜ್ಞೆ ಹೊರಡಿಸಿತು. ಬರಬರುತ್ತಾ ಈ ಅನಾಮಿಕನಿಗೆ ಭಾರತೀಯ ಹೆಸರೂ ದಕ್ಕಿತು: ಅಶೋಕ್ ಕುಮಾರ್. ದೇಶದಲ್ಲಿರುವ ನಿಜವಾದ ಅಶೋಕ್ ಕುಮಾರರು ಇದಕ್ಕೆ ಆಕ್ಷೇಪಿಸಿದ್ದು ನಮಗೆ ತಿಳಿದುಬಂದಿಲ್ಲ. 2012ರಲ್ಲಿ ‘3’ ಎಂಬ ತಮಿಳು ಚಿತ್ರದ ನಿರ್ಮಾಪಕರು ಮದರಾಸು ಉಚ್ಚ ನ್ಯಾಯಾಲಯದಿಂದ ತಂದ ಅಶೋಕ್ ಕುಮಾರ್ ಆಜ್ಞೆಯನ್ನು ಅಂತರ್ಜಾಲ ಕಂಪನಿಗಳು ಎಷ್ಟು ಭಯದಿಂದ ಪಾಲಿಸಿದವೆಂದರೆ, ಮೇ ತಿಂಗಳಲ್ಲಿ ಪೈರೇಟ್ ಬೇಯ ಜೊತೆಗೆ ‘ವಿಮಿಯೊ’ದಂತಹ ಸಾಚಾ ತಾಣಗಳೂ ದೇಶದ ಹಲವೆಡೆ ಕತ್ತಲಾದವು. ಮುಂಬಯಿ ಮೊದಲಾದ ನಗರಗಳಲ್ಲಿ ತರುಣರು ಮುಖವಾಡ ಧರಿಸಿ ಬೀದಿಗಿಳಿದರು. ನಿರ್ದಿಷ್ಟ ಕೊಂಡಿಗಳನ್ನಷ್ಟೇ ತಡೆಯಬೇಕು, ಇಡೀ ತಾಣಗಳನ್ನಲ್ಲ ಎಂದು ಜೂನ್ ತಿಂಗಳಲ್ಲಿ ನ್ಯಾಯಾಲಯ ಸ್ಪಷ್ಟಪಡಿಸಬೇಕಾಯಿತು. ಅದೇ ಚಿತ್ರದ ‘ಕೊಲವೆರಿ’ ಹಾಡು ಕೆಲವೇ ತಿಂಗಳ ಹಿಂದೆ ಯೂಟ್ಯೂಬಿನಲ್ಲಿ ಪುಕ್ಕಟೆಯಾಗಿ ಹರಿದು, ಕೈಯಿಂದ ಕೈಗೆ ದಾಟಿ ಲೋಕಪ್ರಸಿದ್ಧವಾಗಿತ್ತು.

2019ರ ಏಪ್ರಿಲಿನಲ್ಲಿ ದೆಹಲಿ ಉಚ್ಚ ನ್ಯಾಯಾಲಯ ಸಿಂಗಪುರದ ಮಾದರಿ ಹಿಡಿದು ‘ಚಲನಶೀಲ ತಡೆಯಾಜ್ಞೆ’ಯನ್ನು ರೂಪಿಸಿತು. ತಡೆದ ತಾಣ ಬೇರೆ ಹೆಸರಿನಲ್ಲಿ ತಲೆಯೆತ್ತಿದರೆ ಹೊಸ ದಾವೆ ಬೇಡ. ಅದೇ ಆಜ್ಞೆಯನ್ನು ಹೊಸ ವಿಳಾಸಕ್ಕೂ ವಿಸ್ತರಿಸಿಕೊಳ್ಳಬಹುದು. ರಂಗೋಲಿಯ ಕೆಳಗೂ ಕೈಹಾಕುವ ಪ್ರಯತ್ನವಿದು. ಕರ್ನಾಟಕ ಇನ್ನೂ ಮುಂದೆ ಹೋಯಿತು. ಜನರ ಬಾಯಲ್ಲಿ ಗೂಂಡಾ ಕಾಯಿದೆ ಎನಿಸಿಕೊಂಡ 1985ರ ಶಾಸನಕ್ಕೆ 2014ರಲ್ಲಿ ಬಂದ ತಿದ್ದುಪಡಿ, ಹಣ ಮಾಡುವ ಉದ್ದೇಶದಿಂದ ಹಕ್ಕುಸ್ವಾಮ್ಯ ಮುರಿಯುವವನನ್ನು ‘ಡಿಜಿಟಲ್ ಅಪರಾಧಿ’ ಎಂದು ಅದರೊಳಗೆ ತಂದಿತು. ಆ ಶಾಸನದ ಉದ್ದನೆಯ ಶೀರ್ಷಿಕೆಯಲ್ಲಿ ಆಸಿಡ್ ಎರಚುವವರು, ಕಳ್ಳಭಟ್ಟಿಯವರು, ಮಾದಕದ್ರವ್ಯದವರು, ಭೂಗಳ್ಳರು ಇವರೆಲ್ಲರ ಸಾಲಿನಲ್ಲಿ ವಿಡಿಯೊ ಮತ್ತು ಆಡಿಯೊ ನಕಲು ಮಾಡುವವನೂ ನಿಂತಿದ್ದಾನೆ. ವಿಚಾರಣೆಯಿಲ್ಲದೆ ಒಂದು ವರ್ಷದವರೆಗೆ ಬಂಧನದಲ್ಲಿಡಲು ಅವಕಾಶವಿದೆ. ಸರಕಾರಿ ಕಾಗದಗಳ ನಡುವೆ ಬದುಕುವ ನಮಗೆ ಪಟ್ಟಿಗಳ ಸ್ವಭಾವ ಗೊತ್ತು. ಒಮ್ಮೆ ಪಟ್ಟಿಯೊಳಗೆ ಬಂದದ್ದು ಪಟ್ಟಿಯ ಇತರರ ಬಣ್ಣವನ್ನು ಪಡೆಯುತ್ತದೆ.

ಈ ಆಜ್ಞೆಗಳನ್ನು ತಂದವರು ಯಾರೆಂದು ನೋಡಿದರೆ ಬಹುಪಾಲು ದೊಡ್ಡ ಚಿತ್ರಸಂಸ್ಥೆಗಳು, ಕ್ರೀಡಾ ವಾಹಿನಿಗಳು. ಕನ್ನಡದ ಪ್ರಕಾಶಕನೊಬ್ಬನನ್ನು ಇವರ ಪಕ್ಕದಲ್ಲಿಟ್ಟು ನೋಡೋಣ. ಅವನು ಕಾದಂಬರಿಯೊಂದರ ಸಾವಿರ ಪ್ರತಿ ಅಚ್ಚು ಹಾಕಿಸಿ ಎರಡು ಮೂರು ವರ್ಷ ಮಾರುತ್ತಾನೆ. ಬಿಡುಗಡೆಯ ತಿಂಗಳಲ್ಲಿಯೇ ಆ ಪುಸ್ತಕದ ಪಿ.ಡಿ.ಎಫ್. ವಾಟ್ಸಾಪಿನಲ್ಲೋ ಟೆಲಿಗ್ರಾಮಿನಲ್ಲೋ ಇನ್ನೂರು ಜನರಿಗೆ ಹೋದರೆ, ಅದು ಅವನ ಮುದ್ರಣದ ಐದನೆಯ ಒಂದು ಪಾಲು. ಹಾಲಿವುಡ್ ಇಂತಹ ಪಾಲನ್ನು ಕಳೆದುಕೊಂಡೂ ಬದುಕುತ್ತದೆ. 2022ರಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗಳ ಇಂಗ್ಲಿಷ್ ಬೋಧಕಿ ನೀತು ಸಿಂಗ್ ಅವರು ದೆಹಲಿ ಉಚ್ಚ ನ್ಯಾಯಾಲಯದಲ್ಲಿ ಹೋರಾಡಿ, ತಮ್ಮ ಪುಸ್ತಕಗಳನ್ನು ಹಂಚುತ್ತಿದ್ದ ಚಾನೆಲ್‌ಗಳ ಹಿಂದಿರುವವರ ವಿವರ ಕೊಡುವಂತೆ ಟೆಲಿಗ್ರಾಮಿಗೆ ಆಜ್ಞೆ ಮಾಡಿಸಿದರು. ನಮ್ಮ ಪ್ರಕಾಶಕ ಅಲ್ಲಿಯವರೆಗೆ ಹೋಗಲಾರ. ವಕೀಲರ ಶುಲ್ಕವೇ ಒಂದು ಆವೃತ್ತಿಯ ಹುಟ್ಟುವಳಿಯನ್ನು ನುಂಗೀತು.

ಹೊರನಾಡಿನ ಓದುಗನ ಪಾಡೂ ನಿಜವಾದದ್ದೇ. ದೆಹಲಿಯಲ್ಲೋ ಹೈದರಾಬಾದಿನಲ್ಲೋ ಕನ್ನಡ ಪುಸ್ತಕ ಬೇಕೆಂದರೆ ಊರಿಗೆ ಹೋದವರ ಕೈಯಲ್ಲಿ ತರಿಸಬೇಕಿದ್ದ, ಕನ್ನಡ ಚಿತ್ರ ಊರಿಗೆ ಬರುವುದೇ ಇಲ್ಲವೆಂದು ಮರೆತುಬಿಡಬೇಕಿದ್ದ ಕಾಲ ಬಹಳ ಹಿಂದಿನದಲ್ಲ. ಹಳೆಯ ಹಾಡುಗಳು, ಯಕ್ಷಗಾನದ ಧ್ವನಿಮುದ್ರಣಗಳು, ಅಚ್ಚು ತೀರಿದ ಕಾದಂಬರಿಗಳು ನಮ್ಮ ಮನೆಗಳಿಗೆ ಬಂದದ್ದು ಅಪ್ಪಣೆ ಕೇಳದ ಕೈಗಳ ಮೂಲಕವೇ. ಕಂಪನಿಗಳು ನಷ್ಟದ ಲೆಕ್ಕ ಬರೆಯುವಾಗ ಪ್ರತಿಯೊಂದು ನಕಲನ್ನೂ ತಪ್ಪಿಹೋದ ಮಾರಾಟವೆಂದು ಎಣಿಸುತ್ತವೆ. ಅಂಗಡಿಯೇ ಇಲ್ಲದ ಊರಿನಲ್ಲಿ ತಪ್ಪಿದ ಮಾರಾಟ ಯಾವುದು?

ಇಂತಹ ಚರ್ಚೆಗಳಲ್ಲಿ ದಾನಚಿಂತಾಮಣಿ ಅತ್ತಿಮಬ್ಬೆಯ ಹೆಸರನ್ನು ತರುವವರಿದ್ದಾರೆ. ಪೊನ್ನನ ‘ಶಾಂತಿಪುರಾಣ’ದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದವಳು ಆಕೆ, ಹತ್ತನೆಯ ಶತಮಾನದಲ್ಲಿ ನಕಲು ಮಾಡಿಸುವುದು ಪುಣ್ಯದ ಕೆಲಸವಾಗಿತ್ತು. ಮಾತು ಸತ್ಯ, ಆದರೆ ಅರ್ಧ ಸತ್ಯ. ಪೊನ್ನನಿಗೆ ರಾಷ್ಟ್ರಕೂಟರ ಮೂರನೆಯ ಕೃಷ್ಣನ ಆಶ್ರಯವಿತ್ತು. ಪ್ರತಿ ಮಾರಿ ಅವನು ಹೊಟ್ಟೆ ಹೊರೆಯಬೇಕಾಗಿರಲಿಲ್ಲ. ತಾಳೆಗರಿಯ ಕಾಲದಲ್ಲಿ ದುಬಾರಿಯಾದದ್ದು ಪ್ರತಿ, ಆ ದುಬಾರಿಯನ್ನೇ ಅತ್ತಿಮಬ್ಬೆ ಹೊತ್ತಳು. ಇಂದು ಪ್ರತಿಗೆ ಕಾಸಿನ ಖರ್ಚಿಲ್ಲ, ಬರೆಯುವವನಿಗೆ ರಾಜಾಶ್ರಯವೂ ಇಲ್ಲ. ಜೀವಂತ ಲೇಖಕನ ಪುಸ್ತಕವನ್ನು ಬೆರಳ ತುದಿಯಿಂದ ಮುಂದಕ್ಕೆ ತಳ್ಳುವವನು ಅತ್ತಿಮಬ್ಬೆಯ ವಂಶದವನಾಗಲಾರ ಎಂಬುದು ನಮ್ಮ ಖಚಿತವಾದ ಅಭಿಪ್ರಾಯ.

ತೀರಿಕೊಂಡವರ ಪುಸ್ತಕಗಳ ವಿಷಯ ಅಷ್ಟು ಖಚಿತವಲ್ಲ. ನಮ್ಮ ಕಾಯಿದೆಯಲ್ಲಿ ಹಕ್ಕು ಲೇಖಕನ ಮರಣದ ನಂತರವೂ ಅರವತ್ತು ವರ್ಷ ಬಾಳುತ್ತದೆ. ಮೊದಲು ಐವತ್ತು ವರ್ಷವಿದ್ದುದು, 1941ರಲ್ಲಿ ತೀರಿಕೊಂಡ ಟಾಗೋರರ ಹಕ್ಕು ಮುಗಿಯುವ ಹೊತ್ತಿಗೆ ಇನ್ನೂ ಹತ್ತು ವರ್ಷ ಹಿಗ್ಗಿತು. ಹೀಗಾಗಿ 1963ರಲ್ಲಿ ಅಗಲಿದ ತ್ರಿವೇಣಿಯವರ ಕಾದಂಬರಿಗಳು 2024ರ ಜನವರಿ 1ರಂದು ಎಲ್ಲರ ಸ್ವತ್ತಾದವು; 1971ರಲ್ಲಿ ಅಗಲಿದ ಅ.ನ.ಕೃ. ಅವರ ಕೃತಿಗಳಿಗೆ 2032ರ ಜನವರಿಯವರೆಗೆ ಕಾಯಬೇಕು. ಕುವೆಂಪು, ಕಾರಂತರ ಕೃತಿಗಳಿಗೆ ಈ ಶತಮಾನದ ಮಧ್ಯ ಕಳೆಯಬೇಕು. ನಿರಂಜನರ ಕುಟುಂಬದವರು ಐವತ್ತಕ್ಕೂ ಹೆಚ್ಚು ಕೃತಿಗಳನ್ನು ತಾವಾಗಿಯೇ ಮುಕ್ತ ಪರವಾನಗಿಗೆ ಒಪ್ಪಿಸಿದರು. ಮೈಸೂರು ವಿಶ್ವವಿದ್ಯಾನಿಲಯ ಕನ್ನಡ ವಿಶ್ವಕೋಶವನ್ನು ಹಾಗೆಯೇ ಬಿಟ್ಟುಕೊಟ್ಟಿತು. ಇನ್ನು ವಾರಸುದಾರರು ಎಲ್ಲಿದ್ದಾರೆಂದೇ ತಿಳಿಯದ, ಮರುಮುದ್ರಣ ಕಾಣದ ನೂರಾರು ಮಧ್ಯಮ ದರ್ಜೆಯ ಲೇಖಕರಿದ್ದಾರೆ. ಅವರ ಪುಸ್ತಕಗಳನ್ನು ಕಾನೂನುಬದ್ಧವಾಗಿ ಮರಳಿ ತರುವ ದಾರಿಯೊಂದು ಹಕ್ಕುಸ್ವಾಮ್ಯ ಕಾಯಿದೆಯ 31ಎ ಕಲಮಿನಲ್ಲಿದೆ. ಪ್ರಕಟಿಸಬಯಸುವವನು ತನ್ನ ಪ್ರಸ್ತಾವವನ್ನು ಮೊದಲು ಒಂದು ಇಂಗ್ಲಿಷ್ ದಿನಪತ್ರಿಕೆಯಲ್ಲಿ ಜಾಹೀರಾತಾಗಿ ಕೊಡಬೇಕು. ಆನಂತರ ಶುಲ್ಕ ಕಟ್ಟಿ ಅರ್ಜಿ ಸಲ್ಲಿಸಬೇಕು, ವಿಚಾರಣೆಗೆ ಕಾಯಬೇಕು, ಗೊತ್ತುಪಡಿಸಿದ ಗೌರವಧನವನ್ನು ಠೇವಣಿ ಇಡಬೇಕು. ಐನೂರು ಪ್ರತಿ ಮಾರಾಟವಾಗುವ ಕನ್ನಡ ಕಾದಂಬರಿಗಾಗಿ ಇಷ್ಟನ್ನೂ ಮಾಡಬಲ್ಲ ಪ್ರಕಾಶಕ ಯಾರಿದ್ದಾನೆ? ಅಷ್ಟರಲ್ಲಿ ಯಾರೋ ಒಬ್ಬರು ಹಳೆಯ ಗ್ರಂಥಾಲಯದ ಪ್ರತಿಯೊಂದನ್ನು ಮೊಬೈಲಿನಲ್ಲಿ ಪುಟಪುಟವಾಗಿ ತೆಗೆದು, ಹರಿದ ಕೊನೆಯ ಹಾಳೆಯ ಸಮೇತ, ಗುಂಪಿಗೆ ಹಾಕಿರುತ್ತಾರೆ.